‘ಯಾವೂರು ನಿಮ್ಮದು?’ – ಪೇಟೆಯಲ್ಲಿ ಕೇಳುವ ಬಗೆ, ಮೊಬೈಲಿನಲ್ಲಿ ಕೇಳುವ ಬಗೆ

ನಮ್ಮ ಗಡಿ ಭಾಗದ ಪೇಟೆಗಳಲ್ಲಿ ಒಂದು ವಾಡಿಕೆಯಿದೆ. ಹೊಸ ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತಿದರೆ ‘ಬರ್ರಿ, ಕೂಡ್ರಿ, ಯಾವೂರು ನಿಮ್ದು?’ ಎಂದು ಕೇಳುತ್ತೇವೆ. ಜಹೀರಾಬಾದಿನಲ್ಲೂ ಹಾಗೆಯೇ, ನಾರಾಯಣಖೇಡದಲ್ಲೂ ಹಾಗೆಯೇ, ತಾಂಡೂರಿನಲ್ಲೂ ಹಾಗೆಯೇ. ಆತ ಊರ ಹೆಸರು ಹೇಳುತ್ತಲೇ ‘ಹೌದೇನ್ರಿ, ಅಲ್ಲಿ ಕೆರೆ ದಂಡಿಯ ಪಟೇಲರು ನಿಮಗೇನಾಗಬೇಕು?’ ಎಂದು ಮಾತು ಬೆಳೆಯುತ್ತದೆ. ನಾಲ್ಕು ಮಾತು ಆಡುವುದರೊಳಗೆ ಇಬ್ಬರಿಗೂ ಗೊತ್ತಿರುವ ಒಬ್ಬ ಮನುಷ್ಯ ಸಿಕ್ಕೇ ಸಿಗುತ್ತಾನೆ. ಆಮೇಲೆ ತೂಕವೂ ಸರಿ, ದರವೂ ಸರಿ, ಬೇಕಾದರೆ ಉದ್ರಿಯೂ ನಡೆಯುತ್ತದೆ.

ಇದೇ ಪ್ರಶ್ನೆ ಈಚೆಗೆ ಮೊಬೈಲಿನ ಗ್ರೂಪುಗಳಲ್ಲಿ ಬೇರೆ ದನಿಯಲ್ಲಿ ಕೇಳಿಬರುತ್ತಿದೆ. ‘ನೀನು ಯಾವೂರವನು? ಇಲ್ಲಿಗೆ ಯಾಕೆ ಬಂದೆ? ನಿನಗೇನು ಅಧಿಕಾರ?’ ಪೇಟೆಯಲ್ಲಿ ಬಾಗಿಲು ತೆರೆಯಲು ಆಡುತ್ತಿದ್ದ ಮಾತು ಅಲ್ಲಿ ಬಾಗಿಲು ಹಾಕುವ ಮಾತಾಗಿದೆ. ಇದು ಹೇಗಾಯಿತು, ಇದರಿಂದ ಯಾರಿಗೆ ಏನು ಹಾನಿ, ಮನೆಮಂದಿಯೆಲ್ಲ ಕೂಡಿ ನಾವೇನು ಮಾಡಬಹುದು ಎಂಬುದನ್ನು ಓದುಗ ಬಾಂಧವರ ಮುಂದೆ ಇಡಬೇಕೆಂದು ಈ ಲೇಖನ.

ಮನೆ ಇದ್ದಲ್ಲೇ ಇತ್ತು, ವಿಳಾಸ ಬದಲಾಯಿತು

‘ಹೊರಗಿನವರು’ ಎಂಬ ಮಾತನ್ನು ಬಳಸುವ ಮುಂಚೆ ನಮ್ಮ ಮೂರು ಊರುಗಳ ಕಥೆಯನ್ನು ಒಮ್ಮೆ ನೆನೆಯಬೇಕು. 1956ರ ಅಕ್ಟೋಬರ್ ಕೊನೆಯವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು, ಪಕ್ಕದ ಕೊಡಂಗಲ್ ಸಹಿತ, ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಎಲ್ಲವೂ ಹೈದರಾಬಾದ್ ಸಂಸ್ಥಾನದ ನೆಲ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳಾದಾಗ ಗುಲಬರ್ಗಾ ಜಿಲ್ಲೆಯ ಬಹುಭಾಗ, ಬೀದರ್ ಜಿಲ್ಲೆಯ ಒಂದು ಭಾಗ ಮೈಸೂರು ರಾಜ್ಯಕ್ಕೆ ಹೋದರೆ ಈ ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಆ ಕಡೆ ಉಳಿಯಿತು, ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲ್ ಈ ಕಡೆ ಬಂತು. ಅಕ್ಕನನ್ನು ಕೊಟ್ಟ ಊರು ಒಂದು ರಾಜ್ಯ, ತಂಗಿಯನ್ನು ಕೊಟ್ಟ ಊರು ಇನ್ನೊಂದು ರಾಜ್ಯ ಎಂಬಂತಾಯಿತು.

ಮುಂದೆ 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್‌ನಲ್ಲಿ ಹೊಸ ಜಿಲ್ಲೆಗಳಾದಾಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಅಂದರೆ ಒಬ್ಬ ಅಜ್ಜ ತನ್ನ ಕಟ್ಟೆ ಬಿಟ್ಟು ಕದಲದೆ ಸಂಸ್ಥಾನದವನಾದ, ಆಂಧ್ರದವನಾದ, ತೆಲಂಗಾಣದವನಾದ. ಹಳೆಯ ಪೆಟ್ಟಿಗೆ ತೆರೆದರೆ ಒಂದೇ ಹೊಲದ ಕಾಗದ ನಿಜಾಮರ ಕಾಲದ್ದು ಉರ್ದುವಿನಲ್ಲಿ, ಆಮೇಲಿನದು ತೆಲುಗಿನಲ್ಲಿ. ಅದರ ಜೊತೆಗಿರುವ ಮನೆಯ ಖರ್ಚಿನ ಚೀಟಿ ಮಾತ್ರ ಕನ್ನಡದಲ್ಲಿ. ಇಂಥ ಊರಿನಲ್ಲಿ ‘ನೀನು ಹೊರಗಿನವನು’ ಎಂದು ಯಾರು ಯಾರಿಗೆ ಹೇಳಬೇಕು?

ಭಾಷೆಯ ಮಾತೂ ಹೀಗೆಯೇ. ತೊಗರಿ ತಂದ ರೈತ ತೆಲುಗಿನಲ್ಲಿ ಮಾತಾಡುತ್ತಾನೆ, ಚೀಲ ಹೊರುವ ಹಮಾಲ ಕನ್ನಡದಲ್ಲಿ, ಲಾರಿ ಡ್ರೈವರ್ ದಖನಿ ಉರ್ದುವಿನಲ್ಲಿ, ಉದಗೀರದ ಕಡೆಯ ವ್ಯಾಪಾರಿ ಮರಾಠಿಯಲ್ಲಿ. ಅಡತಿಯವನು ನಾಲ್ವರಿಗೂ ಅವರವರ ಮಾತಿನಲ್ಲೇ ಉತ್ತರ ಕೊಡುತ್ತಾನೆ. ಶಾಲೆಯಲ್ಲಿ ಕಲಿತ ವಿದ್ಯೆ ಇದಲ್ಲ, ಹೊಟ್ಟೆಪಾಡು ಕಲಿಸಿದ್ದು. ತಾಂಡೂರಿನ ತೊಗರಿಗೆ 2022ರ ಡಿಸೆಂಬರ್‌ನಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ಹೆಸರಿನ ಹಿಂದೆ ಈ ನಾಲ್ಕೂ ಭಾಷೆಯವರ ಬೆವರಿದೆ.

ಇದು ಇಂದು ನಿನ್ನೆಯ ರೂಢಿಯೂ ಅಲ್ಲ. ಆದಿಕವಿ ಪಂಪ ಕನ್ನಡದಲ್ಲಿ ಕಾವ್ಯ ಬರೆದದ್ದು ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ. ಆ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಗುಟ್ಟದ ಬಂಡೆಯ ಮೇಲೆ ಹತ್ತನೆಯ ಶತಮಾನದಲ್ಲಿ ಶಾಸನ ಕೆತ್ತಿಸಿದ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಒಂದೇ ಬಂಡೆಯ ಮೇಲೆ ಮೂರು ಭಾಷೆಗಳು ಸಾವಿರ ವರ್ಷದಿಂದ ಜಗಳವಿಲ್ಲದೆ ಕುಳಿತಿವೆ.

2025ರ ಆಗಸ್ಟ್ ತಿಂಗಳ ಕೂಗು

ಇಂಥ ನೆಲದಲ್ಲಿ 2025ರ ಆಗಸ್ಟ್‌ನಲ್ಲಿ ‘ಮಾರ್ವಾಡಿ ಗೋ ಬ್ಯಾಕ್’ ಎಂಬ ಕೂಗು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸಿಕಂದರಾಬಾದಿನ ಮೊಂಡಾ ಮಾರ್ಕೆಟ್ಟಿನಲ್ಲಿ ವಾಹನ ನಿಲ್ಲಿಸುವ ವಿಷಯಕ್ಕೆ ಒಬ್ಬ ಸ್ಥಳೀಯ ಯುವಕನಿಗೂ ಅಂಗಡಿಯವರಿಗೂ ಜಗಳವಾಗಿ, ಹಲ್ಲೆ ಮತ್ತು ಜಾತಿನಿಂದನೆಯ ಆರೋಪ ಬಂದದ್ದು ಅದರ ಮೂಲ. ಕೆಲವೇ ದಿನಗಳಲ್ಲಿ ಆ ಜಗಳ ಇಡೀ ಒಂದು ಜನರ ಮೇಲಿನ ಮಾತಾಯಿತು. ರಂಗಾರೆಡ್ಡಿ ಜಿಲ್ಲೆಯ ಆಮನಗಲ್ಲಿನಲ್ಲಿ ಆಗಸ್ಟ್ 18ಕ್ಕೆ ಸ್ಥಳೀಯ ವ್ಯಾಪಾರಿಗಳಿಂದ ಬಂದ್ ಕರೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಟನೆಗಳಿಂದ ಆಗಸ್ಟ್ 22ಕ್ಕೆ ರಾಜ್ಯ ಬಂದ್ ಕರೆ. ಆ ಆಗಸ್ಟ್ 22 ಶ್ವೇತಾಂಬರ ಬಂಧುಗಳಿಗೆ ಪರ್ಯೂಷಣದ ದಿನಗಳಲ್ಲೊಂದು.

ನಾವು ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅಂಗಡಿಯವನು ಯಾರೇ ಇರಲಿ, ಕೈ ಮಾಡಿದ್ದರೆ, ಜಾತಿ ಎತ್ತಿ ಆಡಿದ್ದರೆ, ನಕಲಿ ಮಾಲು ಮಾರಿದ್ದರೆ ಅವನ ಹೆಸರು ಹಿಡಿದು ಕೇಳಲಿ, ಕಾನೂನಿನ ಕಟ್ಟೆಗೆ ಎಳೆಯಲಿ. ಸಣ್ಣ ಅಂಗಡಿಯವರ ಸಂಕಟವೂ ಸುಳ್ಳಲ್ಲ. ‘ಊರ ಹುಡುಗರಿಗೆ ಕೆಲಸ ಕೊಡುವುದಿಲ್ಲ, ಸಗಟು ಮಾಲೆಲ್ಲ ತಮ್ಮವರಿಗೇ ಕೊಡುತ್ತಾರೆ’ ಎಂಬ ದೂರನ್ನು ನಾವು ಕುಳಿತು ಕೇಳಬೇಕಾದದ್ದೇ. ಆದರೆ ಹೆಸರಿನ ಜಾಗದಲ್ಲಿ ಕುಲದ ಹೆಸರು ಬಂದ ಕೂಡಲೆ ದೂರು ದೂರಾಗಿ ಉಳಿಯುವುದಿಲ್ಲ. ನಮ್ಮ ಕಿರ್ದಿಯಲ್ಲಿ ಒಬ್ಬ ಹಣ ಮುಳುಗಿಸಿದರೆ ಅವನ ಖಾತೆಗೇ ಬರೆಯುತ್ತೇವೆ; ಅವನ ಊರಿನವರೆಲ್ಲರ ಖಾತೆಗೂ ಹಂಚಿ ಬರೆಯುವುದಿಲ್ಲ. ಹಾಗೆ ಬರೆಯುವ ಮುನೀಮನನ್ನು ಯಾವ ಅಂಗಡಿಯಲ್ಲೂ ಇಟ್ಟುಕೊಳ್ಳುವುದಿಲ್ಲ.

ಅದೇ ವೇಳೆ ವ್ಯಾಪಾರಿಗಳ ಕೆಲವು ಗ್ರೂಪುಗಳಲ್ಲಿ ಬಂದ ಉತ್ತರಗಳನ್ನೂ ನಾವು ನೋಡಿದ್ದೇವೆ. ‘ಇಲ್ಲಿಯವರು ಸೋಮಾರಿಗಳು, ಇವರಿಗೆ ವ್ಯಾಪಾರ ಏನು ಗೊತ್ತು’ ಎಂದು ಬರೆದವರೂ ಇದ್ದರು. ಯಾರ ಗದ್ದೆಯ ಮಾಲಿನಿಂದ ತಮ್ಮ ಗಲ್ಲಾ ತುಂಬಿತೋ ಅವರನ್ನೇ ಹೀಗೆ ಅನ್ನುವುದು. ಆ ಕಡೆಯ ಮಾತು ತಪ್ಪಾದರೆ ಈ ಕಡೆಯದೂ ಅಷ್ಟೇ ತಪ್ಪು. ತಕ್ಕಡಿಗೆ ಎರಡು ತಟ್ಟೆ ಇರುವುದು ಇದಕ್ಕಾಗಿಯೇ.

ನಮ್ಮ ಸಮಾಜದ ಗ್ರೂಪಿನಲ್ಲೇ ನಡೆದದ್ದು

ಆ ದಿನಗಳಲ್ಲೇ ನಮ್ಮ ಪೇಟೆಯ ಸಮಾಜದ ಗ್ರೂಪಿನಲ್ಲಿ ಒಬ್ಬ ತರುಣ, ಓದಿದ ಹುಡುಗ, ಹೀಗೆ ಬರೆದ: ‘ನಾವು ಇಲ್ಲಿಯ ಮೂಲ ಕನ್ನಡ ಜೈನರು. ಮಾರ್ವಾಡಿಗಳಿಗೂ ನಮಗೂ ಸಂಬಂಧವಿಲ್ಲ. ಅವರ ದೆಸೆಯಿಂದ ನಮಗೆ ಕೆಟ್ಟ ಹೆಸರು.’ ಹತ್ತಾರು ಜನ ಹೆಬ್ಬೆರಳು ಎತ್ತಿದ ಚಿಹ್ನೆ ಹಾಕಿದರು. ಮೂರು ತಲೆಮಾರಿನ ಹಿಂದೆ ರಾಜಸ್ಥಾನದಿಂದ ಬಂದ ಮನೆಯ ಹಿರಿಯರೊಬ್ಬರು ಅದೇ ಗ್ರೂಪಿನಲ್ಲಿದ್ದರು. ಅವರು ಏನೂ ಬರೆಯಲಿಲ್ಲ. ಅವರು ಗ್ರೂಪು ಬಿಟ್ಟು ಹೋದರೆಂದು ಒಂದು ಸಾಲು ಮಾತ್ರ ಪರದೆಯ ಮೇಲೆ ಬಂತು.

ಮರುದಿನ ನಮ್ಮಲ್ಲಿ ಇಬ್ಬರು ಹಿರಿಯರು ಆ ಹುಡುಗನನ್ನು ಕರೆದುಕೊಂಡು ಅವರ ಅಂಗಡಿಗೆ ಹೋದರು. ಬೈಯಲಿಲ್ಲ, ‘ನೀ ಬರೆದದ್ದನ್ನ ಅವರ ಎದುರಿಗೆ ಓದಪ್ಪಾ’ ಎಂದರು, ಅಷ್ಟೆ. ಹುಡುಗನಿಗೆ ಮೊದಲ ಸಾಲೇ ಬಾಯಿಂದ ಹೊರಡಲಿಲ್ಲ. ಆ ಹಿರಿಯರು ಚಹಾ ತರಿಸಿದರು. ‘ತಮ್ಮಾ, ನಿಮ್ಮ ಅಜ್ಜ ಹಾಸಿಗೆ ಹಿಡಿದಾಗ ದವಾಖಾನಿಗೆ ಕರಕೊಂಡು ಹೋದ ಜೀಪು ನಮ್ಮದಿತ್ತು. ಆಗ ನಿಮ್ಮಪ್ಪ ನಮಗ ಯಾವೂರವರಂತ ಕೇಳಿದ್ದಿಲ್ಲ’ ಎಂದರು. ಅವರ ಕನ್ನಡ ನಮ್ಮ ಕನ್ನಡವೇ. ಹುಡುಗ ‘ತಪ್ಪಾತ್ರಿ ಕಾಕಾ’ ಎಂದು ಪಾದ ಮುಟ್ಟಿದ.

ಅವರು ಮತ್ತೆ ಗ್ರೂಪಿಗೆ ಬರಲಿಲ್ಲ. ‘ನಂಗ ಅದು ಬ್ಯಾಡ, ನೀವು ಅಂಗಡಿಗೆ ಬರ್ರಿ’ ಎನ್ನುತ್ತಾರೆ. ಬಸದಿಯ ಕಾರ್ಯಕ್ರಮಕ್ಕೆ ಮೊದಲಿನಂತೆ ಬರುತ್ತಾರೆ, ಮೊದಲಿನಷ್ಟು ಮಾತಾಡುವುದಿಲ್ಲ. ಬಾಯಿಂದ ಹೋದ ಮಾತು ಗಾಳಿಗೆ ಹೋಗುತ್ತದೆ, ಬರೆದ ಮಾತು ಉಳಿಯುತ್ತದೆ. ನೂರು ಜನರ ಎದುರಿಗೆ ಬರೆದದ್ದನ್ನು ನಾಲ್ಕು ಜನರ ಎದುರಿಗೆ ಅಳಿಸಲಾಗುವುದಿಲ್ಲ.

ಮುರ್ಕಿಯಲ್ಲಿ ಹೋದ ಜೀವ

ಇದೆಲ್ಲ ಮಾತಿನ ಗಾಯ. ಮಾತು ಕೈಗೆ ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ನೆರೆಯ ಬೀದರ್ ಜಿಲ್ಲೆಯೇ ಕಂಡಿದೆ. 2018ರ ಜುಲೈ 13ರಂದು ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಬಂಧುಮಿತ್ರರ ಜೊತೆ ಔರಾದ್ ತಾಲೂಕಿಗೆ ಬಂದಿದ್ದರು. ಅವರಲ್ಲಿ ಒಬ್ಬರು ಕತಾರ್ ದೇಶದ ಅತಿಥಿ. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಆ ತಿಂಗಳುಗಳಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುಳ್ಳು ಸುದ್ದಿ ದೇಶದ ತುಂಬ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಯಾರಿಗೋ ಅನುಮಾನ ಬಂತು. ಅವರು ಕಾರು ಹತ್ತಿ ಹೊರಟಾಗ ಅವರ ವಿಡಿಯೊ ಅವರಿಗಿಂತ ಮುಂಚೆ ಮುರ್ಕಿ ಗ್ರಾಮದ ವಾಟ್ಸಾಪ್ ಗ್ರೂಪಿಗೆ ತಲುಪಿತ್ತು. ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡ ಹಾಕಿದರು, ಕಾರು ಗುಂಡಿಗೆ ಉರುಳಿತು, ಗುಂಪು ಹೊರಗೆಳೆದು ಬಡಿಯಿತು. ಎಂಜಿನಿಯರ್ ಅಲ್ಲೇ ಜೀವ ಬಿಟ್ಟರು, ಉಳಿದವರಿಗೆ ಭಾರಿ ಗಾಯಗಳಾದವು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಬಂಧಿತರಾದವರು ಮೂವತ್ತಕ್ಕೆ ಕಡಿಮೆಯಿಲ್ಲ. ಗ್ರೂಪಿನ ಅಡ್ಮಿನ್ ಕೂಡ ಅವರಲ್ಲಿದ್ದ.

ಆ ಹತ್ತಿರದಲ್ಲೇ ಅವರಿಗೆ ಪರಿಚಯದ ಮನೆಯಿತ್ತು. ‘ಯಾವೂರು ನಿಮ್ದು, ಯಾರ ಮನೆಗೆ ಬಂದೀರಿ?’ ಎಂದು ನಮ್ಮ ಪೇಟೆಯ ಬಗೆಯಲ್ಲಿ ಕೇಳಿ ಉತ್ತರಕ್ಕೆ ಕಾದಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದ ಯುವಕನನ್ನು ಇದೇ ಅನುಮಾನದ ಮೇಲೆ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಊರೂರು ತಿರುಗಿ ಭಿಕ್ಷೆ ಬೇಡುವ ಗೋಸಾವಿ ಸಮುದಾಯದ ಐವರನ್ನು ಕೊಂದರು. ಸತ್ತವರ ಧರ್ಮ ಬೇರೆ, ಭಾಷೆ ಬೇರೆ, ಕಸುಬು ಬೇರೆ. ಅವರನ್ನು ಒಂದು ಮಾಡಿದ್ದು ಒಂದೇ, ಅವರು ಆ ಊರಿನವರಲ್ಲ ಎಂಬುದು.

ಇದಾದ ಮೇಲೆ ಕಂಪನಿಯೂ ಸರ್ಕಾರವೂ ಎಚ್ಚೆತ್ತವು. 2018ರ ಜುಲೈನಲ್ಲಿ ವಾಟ್ಸಾಪ್ ಬೇರೆಡೆಯಿಂದ ಬಂದ ಸಂದೇಶಕ್ಕೆ ‘ಫಾರ್ವರ್ಡೆಡ್’ ಎಂಬ ಗುರುತು ಹಾಕತೊಡಗಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಮಾಡಿತು. 2020ರ ಏಪ್ರಿಲ್‌ನಲ್ಲಿ ಬಹಳ ಸಲ ಕೈ ಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂದಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2)ನೆಯ ಕಲಂ ಪ್ರಕಾರ ಐದು ಅಥವಾ ಹೆಚ್ಚು ಜನ ಕೂಡಿ ಜಾತಿ, ಸಮುದಾಯ, ಹುಟ್ಟಿದ ಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ‘ಹುಟ್ಟಿದ ಸ್ಥಳ’, ‘ಭಾಷೆ’ ಎಂಬ ಎರಡು ಮಾತುಗಳನ್ನು ಗಡಿಯವರಾದ ನಾವು ಲಕ್ಷ್ಯಕೊಟ್ಟು ಓದಬೇಕು.

ಆದರೆ ಕಾನೂನಿಗಿಂತ ಮುಂಚೆ ಕೆಲಸ ಮಾಡಿದ್ದು ಮುಖಾಮುಖಿ ಮಾತು. 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲದಲ್ಲಿ ಆಗ ರೆಮಾ ರಾಜೇಶ್ವರಿ ಎಂಬ ಅಧಿಕಾರಿ ಪೊಲೀಸ್ ಸುಪರಿಂಟೆಂಡೆಂಟ್ ಆಗಿದ್ದರು. ಅವರು ಹಳ್ಳಿ ಹಳ್ಳಿಗೆ ಪೊಲೀಸರನ್ನು ಕಳಿಸಿ, ಡಪ್ಪು ಬಾರಿಸಿ, ಜನಪದ ಧಾಟಿಯಲ್ಲಿ ಹಾಡಿಸಿ, ಸುಳ್ಳು ಸುದ್ದಿ ಹೇಗೆ ಹರಡುತ್ತದೆ ಎಂದು ಜನರಿಗೆ ತಿಳಿಸಿದರು. ಮೊಬೈಲಿನ ರೋಗಕ್ಕೆ ಕಟ್ಟೆಯ ಮೇಲೆ ಕುಳಿತು ಔಷಧ ಕೊಟ್ಟರು.

ಹುಂಡಿಯ ಬೆನ್ನಿಗೆ ಸಹಿ ಇತ್ತು

ಒಳ್ಳೆಯ ಮನೆತನದವರು, ದಿನವೂ ದೇವದರ್ಶನ ಮಾಡುವವರು ಮೊಬೈಲು ಹಿಡಿದಾಗ ಯಾಕೆ ಹೀಗಾಗುತ್ತಾರೆ ಎಂದು ನಮ್ಮಂಥ ಹಳೆಯ ಕಾಲದವರು ಆಶ್ಚರ್ಯಪಡುತ್ತೇವೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಕಾರಣ ಸಿಗುತ್ತದೆ.

ಹಿಂದೆ ನಮ್ಮಲ್ಲಿ ಹುಂಡಿ ನಡೆಯುತ್ತಿತ್ತು. ಬರಿಯ ಒಂದು ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರಿಗೆ, ಊರಿಂದ ಊರಿಗೆ ಹೋಗುತ್ತಿತ್ತು. ಆದರೆ ದಾಟಿಸುವ ಪ್ರತಿಯೊಬ್ಬನೂ ಅದರ ಬೆನ್ನ ಮೇಲೆ ಸಹಿ ಹಾಕಬೇಕು. ಮುಂದೆ ಹುಂಡಿ ಖೋಟಾ ಎಂದಾದರೆ ಸಹಿ ಹಾಕಿದವರೆಲ್ಲರೂ ಉತ್ತರ ಕೊಡಬೇಕು. ಶಾಹಜೋಗ ಹುಂಡಿ ಎಂದು ಇನ್ನೊಂದು ಬಗೆ. ಅದರ ಹಣವನ್ನು ಪೇಟೆಯಲ್ಲಿ ಹೆಸರಿದ್ದ ಸಾಹುಕಾರನಿಗೆ ಮಾತ್ರ ಕೊಡಬೇಕು. ಹೀಗಾಗಿ ಕಾಗದ ಮುಂದಕ್ಕೆ ದಾಟಿಸುವ ಮುಂಚೆ ಎರಡು ಸಲ ಓದುತ್ತಿದ್ದರು.

ಇಂದು ಫಾರ್ವರ್ಡ್ ಮಾಡುವುದೂ ದಾಟಿಸುವುದೇ, ಸಹಿ ಮಾತ್ರ ಇಲ್ಲ. ಮೊದಲು ಬರೆದವನು ಯಾರೆಂದು ತಿಳಿಯುವುದಿಲ್ಲ. ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಎಂದು ಪ್ರತಿಯೊಬ್ಬನೂ ಕೈ ತೊಳೆಯುತ್ತಾನೆ. 2017ರ ಜೂನ್‌ನಲ್ಲಿ ತೆಲಂಗಾಣದಲ್ಲಿ ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಗುಲ್ಲೆದ್ದದ್ದು ಕಿರಾಣಿಯವರಿಗೆಲ್ಲ ನೆನಪಿರಬೇಕು. ಅನ್ನವನ್ನು ಚೆಂಡು ಮಾಡಿ ನೆಲಕ್ಕೆ ಬಡಿದು ಪುಟಿಸುವ ವಿಡಿಯೊ ನೋಡಿ ಜನ ಅಂಗಡಿಗಳಿಗೆ ನುಗ್ಗಿದರು. ಸರ್ಕಾರ ಪರೀಕ್ಷೆ ಮಾಡಿಸಿದಾಗ ಅದು ಸಾದಾ ಅಕ್ಕಿಯೇ ಆಗಿತ್ತು. ಗುಲ್ಲು ನೂರು ಕೈ ದಾಟಿತ್ತು, ಪರೀಕ್ಷೆಯ ಫಲ ಹತ್ತು ಕೈಯನ್ನೂ ದಾಟಲಿಲ್ಲ.

ಎರಡನೆಯ ಕಾರಣ, ಎದುರಿನವನ ಮುಖ ಕಾಣದಿರುವುದು. ಅಂಗಡಿಯಲ್ಲಿ ಗಿರಾಕಿಯ ಮುಖ ಸಣ್ಣದಾದರೆ ನಮ್ಮ ದನಿ ತಾನಾಗಿ ತಗ್ಗುತ್ತದೆ. ಪರದೆಯ ಮೇಲೆ ಮುಖವಿಲ್ಲ, ಒಂದು ನಂಬರು ಇದೆ. ನಂಬರಿನ ಹಿಂದೆ ಮಗಳ ಮದುವೆಯ ಚಿಂತೆಯವನಿದ್ದಾನೋ, ಮನೆಯಲ್ಲಿ ರೋಗಿಯನ್ನು ಇಟ್ಟುಕೊಂಡವನಿದ್ದಾನೋ ತಿಳಿಯುವುದಿಲ್ಲ. ನಾಲ್ಕು ಭಾಷೆ, ಐದು ನೆಂಟಸ್ತಿಕೆ, ಒಂದು ಅಂಗಡಿ, ಒಂದು ನೋವು ಇರುವ ಇಡೀ ಮನುಷ್ಯನನ್ನು ‘ಮಾರ್ವಾಡಿ’, ‘ತೆಲುಗು’, ‘ತುರ್ಕ’, ‘ಹೊರಗಿನವ’ ಎಂಬ ಒಂದೇ ಚೀಟಿ ಅಂಟಿಸಿ ಮೂಟೆಯಂತೆ ಪಕ್ಕಕ್ಕೆ ಒಗೆಯುತ್ತೇವೆ.

ಯಂತ್ರದ್ದೇ ತಪ್ಪು ಎನ್ನುವಂತಿಲ್ಲ. ಜಹೀರಾಬಾದಿನ ಹತ್ತಿರದ ಮಾಚನೂರಿನಲ್ಲಿ 2008ರಲ್ಲಿ ‘ಸಂಘಂ ರೇಡಿಯೊ’ ಆರಂಭವಾಯಿತು. ನಡೆಸಿದವರು ಬೇಸಾಯದ ದಲಿತ ಹೆಣ್ಣುಮಕ್ಕಳು. ಅದೂ ಯಂತ್ರವೇ, ಅಲ್ಲೂ ಕೇಳುವವರ ಮುಖ ಕಾಣುವುದಿಲ್ಲ. ಆದರೆ ಮಾತಾಡಿದವಳು ಯಾರ ಮನೆಯವಳು ಎಂಬುದು ಸುತ್ತಲಿನ ಹಳ್ಳಿಗಳಿಗೆ ಗೊತ್ತು, ನಾಳೆ ಸಂತೆಯಲ್ಲಿ ಅವಳು ಅವರಿಗೆ ಸಿಗುವವಳು. ಆ ಗೊತ್ತಿರುವಿಕೆಯೇ ಮಾತಿಗೆ ಲಗಾಮು.

ಮನೆಯಲ್ಲಿ ಪಾಲಿಸಬಹುದಾದ ನಾಲ್ಕು ಮಾತು

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳು ಬರುತ್ತವೆ. ಅವುಗಳಲ್ಲಿ ಎರಡು, ರಹೋಭ್ಯಾಖ್ಯಾನ ಮತ್ತು ಕೂಟಲೇಖಕ್ರಿಯೆ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಬಯಲು ಮಾಡುವುದು ಮೊದಲನೆಯದು, ಸುಳ್ಳು ಬರಹ ಹುಟ್ಟಿಸುವುದು ಎರಡನೆಯದು. ಖಾಸಗಿ ಮಾತಿನ ಚಿತ್ರ ತೆಗೆದು ಗ್ರೂಪಿಗೆ ಹಾಕುವುದಕ್ಕೂ, ಯಾರದೋ ಹೆಸರಿನಲ್ಲಿ ಸುಳ್ಳು ಬರೆಯುವುದಕ್ಕೂ ಇದಕ್ಕಿಂತ ಸರಿಯಾದ ಹೆಸರು ಬೇಕೆ? ಇದನ್ನು ನೆನೆದು ನಮ್ಮ ಪೇಟೆಯ ಸಮಾಜ ಬಾಂಧವರು ಕೂಡಿ ಗ್ರೂಪಿಗೆ ಕೆಲವು ಕಟ್ಟಳೆ ಮಾಡಿಕೊಂಡಿದ್ದೇವೆ.

ಒಂದು, ಗ್ರೂಪಿನಲ್ಲಿ ಪ್ರತಿಯೊಬ್ಬರೂ ಸ್ವಂತ ಹೆಸರು, ಊರಿನ ಹೆಸರು ಹಾಕಬೇಕು. ಹೂವಿನ ಚಿತ್ರ, ಸಿಂಹದ ಚಿತ್ರದ ಹಿಂದೆ ಅಡಗಿ ಮಾತಾಡುವಂತಿಲ್ಲ.

ಎರಡು, ಯಾವುದೇ ಸುದ್ದಿ ಕಳಿಸುವವರು ‘ಇದು ನಮಗೆ ಇಂಥವರಿಂದ ತಿಳಿಯಿತು, ನಾವು ವಿಚಾರಿಸಿದ್ದೇವೆ’ ಎಂದು ಒಂದು ಸಾಲು ಸೇರಿಸಬೇಕು. ಅದೇ ಹುಂಡಿಯ ಸಹಿ. ಆ ಸಾಲು ಬರೆಯಲು ಧೈರ್ಯವಿಲ್ಲದಿದ್ದರೆ ಸುದ್ದಿಯನ್ನು ಅಲ್ಲೇ ನಿಲ್ಲಿಸಬೇಕು.

ಮೂರು, ದೂರು ಇದ್ದರೆ ಮಾಡಿದವನ ಕೃತ್ಯದ ಮೇಲೆ ಇರಲಿ. ಜಾತಿ, ಭಾಷೆ, ಊರು ಎತ್ತುವಂತಿಲ್ಲ. ಎತ್ತಿದವರ ಮನೆಗೆ ಇಬ್ಬರು ಹಿರಿಯರು ಹೋಗಿ ಮಾತಾಡುತ್ತಾರೆ. ಅವರನ್ನು ಗ್ರೂಪಿನಿಂದ ತೆಗೆದುಹಾಕುವುದು ಕೊನೆಯ ಮಾತು.

ನಾಲ್ಕು, ರಾತ್ರಿ ಸಿಟ್ಟಿನಲ್ಲಿ ಬರೆದದ್ದನ್ನು ಬೆಳಿಗ್ಗೆ ಸ್ನಾನ, ದರ್ಶನ ಮುಗಿಸಿ ಓದಿದ ಮೇಲೆಯೇ ಕಳಿಸಬೇಕು. ಈ ಕಟ್ಟಳೆಯನ್ನು ಸೂಚಿಸಿದವರು ನಮ್ಮ ಮನೆಯ ಹೆಣ್ಣುಮಕ್ಕಳು. ಇದು ಬಂದ ಮೇಲೆ ಗ್ರೂಪಿನಲ್ಲಿ ಮಾತು ಅರ್ಧಕ್ಕೆ ಇಳಿದಿದೆ, ಜಗಳ ಅದಕ್ಕಿಂತ ಕಡಿಮೆಯಾಗಿದೆ.

ಮನೆಯ ಹಿರಿಯರು ಇದಿಷ್ಟನ್ನು ಮಕ್ಕಳಿಗೆ ಹೇಳಿಕೊಟ್ಟರೆ ಸಾಲದು, ತಾವೂ ಪಾಲಿಸಬೇಕು. ಯಾಕೆಂದರೆ ಸುಳ್ಳು ಸುದ್ದಿ ದಾಟಿಸುವುದರಲ್ಲಿ ನಮ್ಮ ವಯಸ್ಸಿನವರು ಹುಡುಗರಿಗಿಂತ ಹಿಂದೆ ಬಿದ್ದಿಲ್ಲ.

ಕೊನೆಯದಾಗಿ ಒಂದು ವಿನಂತಿ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಾಗ ಮೊಬೈಲಿನ ತುಂಬ ‘ಉತ್ತಮ ಕ್ಷಮಾ’ ಎಂಬ ಬಣ್ಣದ ಚಿತ್ರಗಳು ಬರುತ್ತವೆ. ಒಂದೇ ಚಿತ್ರವನ್ನು ಇನ್ನೂರು ಜನರಿಗೆ ಕಳಿಸಿ ಕ್ಷಮೆ ಕೇಳಿದೆವೆಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆ ಇನ್ನೂರರಲ್ಲಿ ನಾವು ನೋಯಿಸಿದ ಒಬ್ಬನ ಹೆಸರು ಇರುತ್ತದೋ ಇಲ್ಲವೋ ನೋಡುವುದೇ ಇಲ್ಲ. ಬರುವ ಕ್ಷಮಾವಣಿಗೆ ಚಿತ್ರ ಕಳಿಸುವುದಿದ್ದರೆ ಕಳಿಸಿರಿ. ಆದರೆ ಆ ಒಬ್ಬನ ಮನೆಗೆ ಮಾತ್ರ ಚಪ್ಪಲಿ ಮೆಟ್ಟಿ ನಡೆದುಕೊಂಡು ಹೋಗಿರಿ.

ಜೈ ಜಿನೇಂದ್ರ.